ಕ್ಯಾಂಪಸ್ಸೋ, ಆನ್‌ಲೈನೋ? ಕೆಟ್ಟ ವಾರವನ್ನು ಮುಂದಿಟ್ಟುಕೊಂಡು ಆರಿಸಿ

ಪಿಯುಸಿ ಫಲಿತಾಂಶ ಕೈಗೆ ಬಂದಿದೆ. ಅಥವಾ ಪದವಿಯ ಎರಡನೇ ಸೆಮಿಸ್ಟರ್ ಅರ್ಧಕ್ಕೆ ನಿಂತು, ಆಸ್ಪತ್ರೆ ಮುಗಿಸಿ ಮನೆಗೆ ಬಂದು ಒಂದೆರಡು ತಿಂಗಳಾಗಿದೆ. ಮುಂದೇನು ಎಂಬ ಮಾತು ಎದ್ದ ಕೂಡಲೇ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ‘ಈ ಸ್ಥಿತಿಯಲ್ಲಿ ಕಾಲೇಜು ಬೇಡ, ಮನೆಯಲ್ಲೇ ಕೂತು ಓದಲಿ’ ಎನ್ನುವವರು ಒಬ್ಬರು. ‘ಮನೆಯಲ್ಲಿ ಕೂತರೆ ಇನ್ನೂ ಹೆಚ್ಚಾಗುತ್ತೆ, ನಾಲ್ಕು ಜನರ ಜೊತೆ ಬೆರೆತರೆ ಸರಿಹೋಗುತ್ತೆ’ ಎನ್ನುವವರು ಇನ್ನೊಬ್ಬರು. ಓದಬೇಕಾದ ನೀವು ಇಬ್ಬರ ನಡುವೆ ಸುಮ್ಮನೆ ಕೂತಿರುತ್ತೀರಿ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಕಾಯಿಲೆ ಜೋರಾದ ವಾರದಲ್ಲಿ ನಿಮ್ಮ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ? ಖಿನ್ನತೆ, ಆತಂಕ, ಬೈಪೋಲಾರ್, ಸ್ಕಿಜೋಫ್ರೇನಿಯಾ, ಗೀಳು ಕಾಯಿಲೆ ಯಾವುದೇ ಇರಲಿ, ಏರಿಳಿತ ಇದ್ದೇ ಇರುತ್ತದೆ. ಆರಾಮಾಗಿರುವ ದಿನಗಳಲ್ಲಿ ಯಾವ ಪದ್ಧತಿಯಾದರೂ ನಡೆದುಹೋಗುತ್ತದೆ. ಹಾಜರಾತಿ ಕೈಕೊಡುವುದು, ಅಸೈನ್‌ಮೆಂಟ್ ಬಾಕಿ ಬೀಳುವುದು, ಪರೀಕ್ಷೆ ತಪ್ಪುವುದು ಎಲ್ಲ ಕೆಟ್ಟ ವಾರಗಳಲ್ಲಿ. ಹಾಗಾಗಿ ಆಯ್ಕೆಯನ್ನೂ ಆ ವಾರಗಳನ್ನು ಮುಂದಿಟ್ಟುಕೊಂಡೇ ಮಾಡಬೇಕು.

ಅದಕ್ಕೂ ಮೊದಲು ಒಂದು ಮಾತು. ಸಾಯುವ ಯೋಚನೆ ಈಗ ಬರುತ್ತಿದ್ದರೆ, ಅಥವಾ ನಾಲ್ಕಾರು ರಾತ್ರಿಗಳಿಂದ ನಿದ್ದೆಯೇ ಇಲ್ಲದಿದ್ದರೆ, ಕಾಲೇಜಿನ ತೀರ್ಮಾನ ಪಕ್ಕಕ್ಕಿಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಜೀವಕ್ಕೆ ಅಪಾಯವೆನಿಸಿದರೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಮನೆಯಿಂದ ಓದಿದ ಡಿಗ್ರಿಗೆ ಬೆಲೆ ಇದೆಯೇ?

ಮನೆಯಿಂದ ಓದುವ ವ್ಯವಸ್ಥೆ ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ರಾಷ್ಟ್ರಮಟ್ಟದ ಇಗ್ನೋ ಶುರುವಾದದ್ದು 1985ರಲ್ಲಿ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಡೆದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿಯ 2020ರ ನಿಯಮಾವಳಿಯೇ ಹೇಳುತ್ತದೆ. ನೆಂಟರ ಮನೆಯಲ್ಲಿ ಯಾರಾದರೂ ‘ಅದೇನು ಡಿಗ್ರಿ’ ಎಂದರೆ ಇಷ್ಟು ಹೇಳಿದರೆ ಸಾಕು.

ಆನ್‌ಲೈನ್ ಮತ್ತು ದೂರಶಿಕ್ಷಣ ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ದೂರಶಿಕ್ಷಣದಲ್ಲಿ ಮುದ್ರಿತ ಪಠ್ಯ ಬರುತ್ತದೆ, ಆಗಾಗ ಸಂಪರ್ಕ ತರಗತಿ ಇರುತ್ತದೆ, ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು. ಆನ್‌ಲೈನ್ ಪದವಿಯಲ್ಲಿ ಪಾಠ, ಚರ್ಚೆ, ಅಸೈನ್‌ಮೆಂಟ್ ಎಲ್ಲವೂ ಪರದೆಯ ಮೇಲೆ. ಪರೀಕ್ಷೆ ಕೇಂದ್ರದಲ್ಲಿ ನಡೆಯಬಹುದು, ಕ್ಯಾಮೆರಾ ಕಣ್ಗಾವಲಿನಲ್ಲಿ ಮನೆಯಿಂದಲೂ ನಡೆಯಬಹುದು. ಇದು ಕೆಲವರಿಗೆ ದೊಡ್ಡ ವ್ಯತ್ಯಾಸ. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂಬ ಸಂಶಯವೇ ಕಾಯಿಲೆಯ ಲಕ್ಷಣವಾಗಿರುವ ವಿದ್ಯಾರ್ಥಿಗೆ, ಪರೀಕ್ಷೆ ಮುಗಿಯುವವರೆಗೂ ಕ್ಯಾಮೆರಾ ಮುಂದೆ ಕಣ್ಣು ಅತ್ತಿತ್ತ ಮಾಡದೆ ಕೂರಬೇಕೆಂಬ ಷರತ್ತು ಪರೀಕ್ಷಾ ಹಾಲ್‌ಗಿಂತ ಕಷ್ಟವಾದೀತು.

ಕಾಯಿಲೆಗೂ ಓದಿನ ಪದ್ಧತಿಗೂ ಏನು ಸಂಬಂಧ?

ಖಿನ್ನತೆಯಿಂದ ಶುರು ಮಾಡೋಣ. ‘ಮನಸ್ಸು ಸರಿಯಾದ ಮೇಲೆ ಕೆಲಸ ಶುರು ಮಾಡ್ತೀನಿ’ ಎಂದು ನಮಗೆಲ್ಲ ಅನಿಸುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಚೆನ್ನಾಗಿ ಸಾಬೀತಾಗಿರುವ ಒಂದು ವಿಧಾನ ಇದರ ಉಲ್ಟಾ ದಿಕ್ಕಿನದು: ಮೊದಲು ಸಣ್ಣ ಸಣ್ಣ ಚಟುವಟಿಕೆ, ಉತ್ಸಾಹ ಅದರ ಹಿಂದೆ ಬರುತ್ತದೆ. ಎಂಟೂವರೆಯ ಬಸ್ಸು, ಹಾಜರಿ ಕೂಗುವ ಮೇಷ್ಟ್ರು, ‘ನಿನ್ನೆ ಯಾಕೆ ಬರ್ಲಿಲ್ಲ’ ಎಂದು ಕೇಳುವ ಪಕ್ಕದ ಬೆಂಚಿನವರು ಈ ಚಟುವಟಿಕೆಯನ್ನು ಹೊರಗಿನಿಂದ ಒದಗಿಸುತ್ತಾರೆ. ಮನೆಯಲ್ಲಿ ಅದೆಲ್ಲವನ್ನೂ ನೀವೇ ಹುಟ್ಟಿಸಿಕೊಳ್ಳಬೇಕು, ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಆ ಶಕ್ತಿಯನ್ನು. ಆದ್ದರಿಂದ ಸೌಮ್ಯ ಅಥವಾ ಮಧ್ಯಮ ಖಿನ್ನತೆ ಇರುವವರಿಗೆ ಹತ್ತಿರದ, ಒತ್ತಡ ಕಡಿಮೆಯಿರುವ ಕಾಲೇಜು ಹೆಚ್ಚಾಗಿ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಹಾಸಿಗೆ ಬಿಟ್ಟು ಏಳಲಾಗದಷ್ಟು ತೀವ್ರವಾಗಿದ್ದಾಗ ಈ ಮಾತು ಅನ್ವಯಿಸದು. ಆಗ ಬೇಕಾದದ್ದು ಚಿಕಿತ್ಸೆ ಮತ್ತು ಬಿಡುವು.

ಆತಂಕದ ಕಾಯಿಲೆಗಳಲ್ಲಿ ಲೆಕ್ಕ ಬೇರೆ. ಬಸ್ಸಿನ ನೂಕುನುಗ್ಗಲಿನಲ್ಲಿ ಎದೆ ಹೊಡೆದುಕೊಂಡು ಉಸಿರುಕಟ್ಟಿದಂತಾದ ಹುಡುಗಿಯನ್ನು ನೆನೆಸಿಕೊಳ್ಳಿ. ಮರುದಿನ ಅವಳು ಬಸ್ಸು ಹತ್ತುವುದಿಲ್ಲ. ಹತ್ತದಿದ್ದಾಗ ಸಿಗುವ ನಿರಾಳ ನಿಜವಾದದ್ದೇ. ಆದರೆ ಆ ನಿರಾಳವೇ ‘ಬಸ್ಸು ಅಪಾಯ’ ಎಂಬ ಪಾಠವನ್ನು ಮಿದುಳಿಗೆ ಗಟ್ಟಿ ಮಾಡುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಇಂಥವರಿಗೆ ಆನ್‌ಲೈನ್ ಓದು ಚಿಕಿತ್ಸೆ ನಡೆಯುತ್ತಿರುವಾಗ ಒಂದು ಮಟ್ಟಕ್ಕೆ ಸರಿ. ಆದರೆ ಭಯಕ್ಕೆ ಮದ್ದು ಮಾಡದೆ, ಭಯದಿಂದಲೇ ಅದನ್ನು ಆರಿಸಿದರೆ ಮೂರು ವರ್ಷದ ಮೇಲೆ ಡಿಗ್ರಿ ಇರುತ್ತದೆ, ಸಂದರ್ಶನಕ್ಕೆ ಹೋಗಲು ಬಸ್ಸು ಹತ್ತುವುದು ಮೊದಲಿಗಿಂತ ಕಷ್ಟವಾಗಿರುತ್ತದೆ.

ಬೈಪೋಲಾರ್ ಇರುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಿದ್ದೆ. ನಿದ್ದೆಗೆಡುವುದು ಉನ್ಮಾದದ ಹಂತಕ್ಕೆ ದಾರಿ ಮಾಡಬಲ್ಲದು. ರೆಕಾರ್ಡ್ ಮಾಡಿದ ಪಾಠಗಳನ್ನು ರಾತ್ರಿ ಎರಡಕ್ಕೂ ನೋಡಬಹುದು ಎಂಬ ಸೌಕರ್ಯ ಇವರಿಗೆ ಅಪಾಯಕಾರಿ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲರೂ ಎದ್ದಿರುವ ಹಾಸ್ಟೆಲ್ ಕೂಡ ಅಷ್ಟೇ ಅಪಾಯಕಾರಿ. ಸ್ಕಿಜೋಫ್ರೇನಿಯಾದಲ್ಲಿ ಭ್ರಮೆಗಳು ಔಷಧಕ್ಕೆ ತಗ್ಗಿದ ಮೇಲೂ ಗಮನ ನಿಲ್ಲದಿರುವುದು, ಓದಿದ್ದು ಮನಸ್ಸಿನಲ್ಲಿ ಉಳಿಯದಿರುವುದು ಎಷ್ಟೋ ಕಾಲ ಇರುತ್ತದೆ. ಅದು ಸೋಮಾರಿತನವಲ್ಲ, ಕಾಯಿಲೆಯ ಭಾಗ. ಇವರಿಗೆ ಪಾಠವನ್ನು ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಕೇಳುವ ಅವಕಾಶ ನಿಜವಾದ ಅನುಕೂಲ. ಗೀಳು ಕಾಯಿಲೆ ಇರುವವರಿಗೆ ಅದೇ ಅವಕಾಶ ಉರುಳಾಗಬಹುದು: ಒಂದು ವಾಕ್ಯ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅದನ್ನೇ ಹಿಂದಕ್ಕೆ ಓಡಿಸುತ್ತ ಅರ್ಧ ಗಂಟೆಯ ಪಾಠಕ್ಕೆ ಇಡೀ ಬೆಳಿಗ್ಗೆ ಹೋಗುತ್ತದೆ. ನಿಲ್ಲಿಸಲಾಗದ ತರಗತಿ ಪಾಠ ಅವರನ್ನು ಮುಂದಕ್ಕೆ ತಳ್ಳುತ್ತದೆ.

ಈಗ ಮಾಡಬೇಕಾದದ್ದು

1. ಒಂದು ಹಾಳೆಯಲ್ಲಿ ಕಳೆದ ಆರು ತಿಂಗಳ ಅತ್ಯಂತ ಕೆಟ್ಟ ವಾರವನ್ನು ಬರೆಯಿರಿ. ಎಷ್ಟಕ್ಕೆ ಎದ್ದಿರಿ, ಸ್ನಾನ ಮಾಡಿದಿರಾ, ಎಷ್ಟು ಹೊತ್ತು ಒಂದೇ ಕಡೆ ಕೂರಲು ಆಯಿತು, ಎಷ್ಟು ಪುಟ ಓದಿದಿರಿ, ಹೊರಗಿನ ಯಾರ ಜೊತೆ ಮಾತಾಡಿದಿರಿ. ಅಂಥ ವಾರಗಳು ತಿಂಗಳಿಗೆಷ್ಟು ಬರುತ್ತವೆ ಎಂದೂ ಬರೆಯಿರಿ. ನಿಮಗೆ ನೆನಪಿಲ್ಲದಿದ್ದರೆ ಮನೆಯಲ್ಲಿ ನಿಮ್ಮನ್ನು ನೋಡಿಕೊಂಡವರನ್ನು ಕೇಳಿ. ಹಾಳೆಯನ್ನು ಮುಂದಿನ ಸಲ ವೈದ್ಯರಿಗೆ ತೋರಿಸಿ. ‘ಕಾಲೇಜಿಗೆ ಹೋಗಬಹುದಾ ಡಾಕ್ಟ್ರೇ’ ಎಂದಷ್ಟೇ ಕೇಳಿದರೆ ‘ಹೋಗಿ’ ಎಂಬ ಉತ್ತರ ಬರುತ್ತದೆ. ಹಾಳೆ ಕೈಗೆ ಕೊಟ್ಟರೆ ಮಾತುಕತೆಯೇ ಬೇರೆಯಾಗುತ್ತದೆ.

2. ಮಾತ್ರೆಯ ವೇಳೆಯನ್ನು ತರಗತಿಯ ವೇಳೆಯ ಪಕ್ಕದಲ್ಲಿಟ್ಟು ನೋಡಿ. ಒಲಾಂಜಪಿನ್, ಕ್ವೆಟಿಯಾಪಿನ್ ತೆಗೆದುಕೊಳ್ಳುವ ಹಲವರಿಗೆ ಬೆಳಗಿನ ಹೊತ್ತು ಮಂಪರು ಬಿಡುವುದಿಲ್ಲ. ಲಿಥಿಯಂ ತೆಗೆದುಕೊಳ್ಳುವವರಿಗೆ ಬಾಯಾರಿಕೆ, ಪದೇ ಪದೇ ಮೂತ್ರ; ಕೆಲವರಿಗೆ ಕೈ ನಡುಕ. ಮೂರು ಗಂಟೆ ಕೈಯಲ್ಲೇ ಬರೆಯುವ ಪರೀಕ್ಷೆಗೆ ಈ ನಡುಕ ದೊಡ್ಡ ಅಡ್ಡಿ, ಓದು ಚೆನ್ನಾಗಿದ್ದರೂ ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಮಾತ್ರೆಯ ವೇಳೆ ಅಥವಾ ಪ್ರಮಾಣ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ, ಸ್ವಂತಕ್ಕೆ ಬದಲಾಯಿಸಬೇಡಿ. ಬೆಂಗಳೂರು, ಮೈಸೂರಿನಂಥ ಕಡೆ ಸಂಜೆ ಕಾಲೇಜುಗಳಿವೆ. ಬೆಳಗಿನ ಮಂಪರೊಂದೇ ತೊಂದರೆಯಾಗಿದ್ದರೆ ಆನ್‌ಲೈನ್‌ಗಿಂತ ಮೊದಲು ಅತ್ತ ನೋಡಿ.

3. ನಿಮಗೆ ಬೇಕಾದ ಕೋರ್ಸ್ ಮನೆಯಿಂದ ಓದಲು ಸಿಗುತ್ತದೆಯೇ ಎಂದು ತಿಳಿಯಿರಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಇತ್ಯಾದಿಗಳಿಗೆ ದೂರಶಿಕ್ಷಣ, ಆನ್‌ಲೈನ್ ಎರಡಕ್ಕೂ ಅನುಮತಿಯಿಲ್ಲ. ತಾವು ಅನುಭವಿಸಿದ್ದರಿಂದಲೇ ಮನಃಶಾಸ್ತ್ರ ಓದಬೇಕೆಂದು ಬಯಸುವವರು ಬಹಳ. ಅವರು ಗಮನಿಸಬೇಕಾದ ಬದಲಾವಣೆ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಯುಜಿಸಿ ಮನಃಶಾಸ್ತ್ರವನ್ನೂ ಈ ನಿಷೇಧದ ಪಟ್ಟಿಗೆ ಸೇರಿಸಿದೆ. ಬಿ.ಎ., ಬಿ.ಕಾಂ., ಎಂ.ಎ. ಓದುವವರಿಗೆ ಎರಡೂ ದಾರಿ ತೆರೆದಿವೆ.

4. ಮಾನ್ಯತೆಯನ್ನು ಜಾಹೀರಾತಿನಲ್ಲಿ ನೋಡಬೇಡಿ, ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡಿಇಬಿ) ಜಾಲತಾಣದಲ್ಲಿ ನೋಡಿ. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ನಿಮ್ಮ ಕೋರ್ಸ್, ನಿಮ್ಮ ವರ್ಷ, ನಿಮ್ಮ ಪದ್ಧತಿ ಮೂರೂ ಅಲ್ಲಿರಬೇಕು. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2013-14ರಿಂದ ಮಾನ್ಯತೆ ಇಲ್ಲವಾಗಿ, 2018-19ರಲ್ಲಿ ಮರಳಿ ಸಿಕ್ಕಿತು. ನಡುವೆ ಓದಿದವರು ಪಟ್ಟ ಪಾಡು ಎಷ್ಟೋ ಮನೆಗಳಿಗೆ ಗೊತ್ತು. 2024ರಿಂದ ಇಂಥ ಕೋರ್ಸ್ ಸೇರುವವರು ಆ ಜಾಲತಾಣದಲ್ಲಿ ಡಿಇಬಿ ಐಡಿ ಮಾಡಿಸಿಕೊಳ್ಳುವುದು ಕಡ್ಡಾಯ.

5. ಸೇರುವ ಮೊದಲು ಪರೀಕ್ಷಿಸಿ ನೋಡಿ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ನೋಂದಣಿ ಉಚಿತ. ಎಂಟು ಅಥವಾ ಹನ್ನೆರಡು ವಾರದ ಒಂದೇ ಒಂದು ಕೋರ್ಸ್ ತೆಗೆದುಕೊಳ್ಳಿ. ಎಂಟು ವಾರದಲ್ಲಿ ಒಂದಾದರೂ ಕೆಟ್ಟ ವಾರ ಬರುವ ಸಾಧ್ಯತೆ ಹೆಚ್ಚು. ಆ ವಾರದ ಅಸೈನ್‌ಮೆಂಟ್ ಏನಾಯಿತು? ತಪ್ಪಿದ್ದನ್ನು ಮುಂದಿನ ವಾರ ಹಿಡಿದುಕೊಂಡಿರಾ, ಅಥವಾ ಅಲ್ಲಿಂದಾಚೆ ಆ ಪುಟವನ್ನೇ ತೆರೆಯಲಿಲ್ಲವೇ? ಯಾವ ಬಂಧು, ಯಾವ ಏಜೆಂಟ್ ಹೇಳುವುದಕ್ಕಿಂತಲೂ ಇದರ ಉತ್ತರ ನಂಬಬಹುದಾದದ್ದು. ಹಾಗೆಯೇ ಸೇರಬೇಕೆಂದಿರುವ ಕಾಲೇಜಿಗೆ ತರಗತಿಯ ವೇಳೆಗೇ ಬಸ್ಸಿನಲ್ಲಿ ಹೋಗಿ, ಕ್ಯಾಂಟೀನ್‌ನಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.

6. ಕಾಲೇಜಿಗಾಗಲಿ, ಮುಕ್ತ ವಿ.ವಿ.ಗಾಗಲಿ ದುಡ್ಡು ಕಟ್ಟುವ ಮುನ್ನ ಕೇಳಿ: ವೈದ್ಯಕೀಯ ಕಾರಣಕ್ಕೆ ಹಾಜರಾತಿ ಕೊರತೆಯನ್ನು ಎಷ್ಟರವರೆಗೆ ಮನ್ನಿಸುತ್ತೀರಿ? ಒಂದು ಸೆಮಿಸ್ಟರ್ ಬಿಟ್ಟು ಮರಳಿ ಸೇರಲು ಏನು ಮಾಡಬೇಕು? ಪದವಿ ಮುಗಿಸಲು ಗರಿಷ್ಠ ಎಷ್ಟು ವರ್ಷ? ಲೈವ್ ತರಗತಿಗೆ ಹಾಜರಿ ಲೆಕ್ಕವಿದೆಯೇ? ಕಡೆಯ ಪ್ರಶ್ನೆ ಆನ್‌ಲೈನ್‌ನವರಿಗೆ ಮುಖ್ಯ. ಮನೆಯಲ್ಲೇ ಇದ್ದರೂ ದಿನಾ ಹೊತ್ತಿಗೆ ಸರಿಯಾಗಿ ಪರದೆಯ ಮುಂದೆ ಇರಬೇಕಾದ ಕೋರ್ಸ್‌ಗಳಿವೆ. ದೂರಶಿಕ್ಷಣದ ಲಾಭ ಕಾಣುವುದೂ ಇಲ್ಲೇ. ಇಗ್ನೋದಲ್ಲಿ ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೆ ಎಳೆಯಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಯಾವ ಸಲ ಎಷ್ಟು ಪತ್ರಿಕೆ ಬರೆಯುವುದು ಎಂಬುದನ್ನು ನೀವೇ ಆರಿಸಬಹುದು. ವರ್ಷಕ್ಕೆ ಒಂದೆರಡು ಸಲ ಕಾಯಿಲೆ ಮರುಕಳಿಸುವವರಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಇನ್ನೊಂದಿಲ್ಲ.

7. ವಾಪಸ್ ಬರುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಪ್ರವೇಶದ ಕೊನೆಯ ದಿನದ ನಂತರ 15 ದಿನದೊಳಗೆ ಬಿಟ್ಟರೆ ಶುಲ್ಕದ ಶೇ 80, ಆಮೇಲೆ 30 ದಿನದವರೆಗೆ ಶೇ 50 ಮರಳಿಸಬೇಕೆಂದು ಯುಜಿಸಿಯ 2018ರ ಅಧಿಸೂಚನೆ ಹೇಳುತ್ತದೆ. 30 ದಿನ ದಾಟಿದರೆ ಏನೂ ಇಲ್ಲ. ಹಾಗಾಗಿ ಮೊದಲ ತಿಂಗಳಲ್ಲೇ ಕೂತು ಪರಿಶೀಲಿಸಿ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ತೆರೆಯಿರಿ. ನಡುವೆ ನಿಲ್ಲಿಸಿದರೂ ಗಳಿಸಿದ ಕ್ರೆಡಿಟ್‌ಗಳು ಗರಿಷ್ಠ 7 ವರ್ಷ ಅಲ್ಲಿ ಉಳಿಯುತ್ತವೆ.

ಕ್ಯಾಂಪಸ್ ಆರಿಸಿದರೆ: ಕೇಳುವುದು ನಿಮ್ಮ ಹಕ್ಕು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಇದು ಎಷ್ಟೋ ಪ್ರಾಂಶುಪಾಲರಿಗೇ ಗೊತ್ತಿರುವುದಿಲ್ಲ. ಕಾಯಿಲೆಯಿಂದಾದ ಅಂಗವೈಕಲ್ಯದ ಪ್ರಮಾಣವನ್ನು ಐಡಿಯಾಸ್ ಎಂಬ ಮಾಪನದಲ್ಲಿ ಅಳೆಯುತ್ತಾರೆ: ತನ್ನ ಆರೈಕೆ, ಜನರೊಂದಿಗಿನ ಒಡನಾಟ, ಮಾತು-ಗ್ರಹಿಕೆ, ಕೆಲಸ ಇವುಗಳಿಗೆ ಅಂಕ, ಜೊತೆಗೆ ಕಾಯಿಲೆ ಎಷ್ಟು ಕಾಲದಿಂದಿದೆ ಎಂಬುದಕ್ಕೂ ಅಂಕ. ಶೇ 40 ಅಥವಾ ಹೆಚ್ಚಿದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಮೀಸಲಾದ ಶೇ 5ರಷ್ಟು ಸೀಟುಗಳಿಗೆ, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಗೆ ನೀವು ಅರ್ಹರು. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕುವುದೋ ಬೇಡವೋ ನಿಮ್ಮ ಇಷ್ಟ; ಯಾರೂ ಬಲವಂತ ಮಾಡುವಂತಿಲ್ಲ.

ಶೇ 40 ಇಲ್ಲದಿದ್ದರೆ ಏನೂ ಸಿಗುವುದಿಲ್ಲ ಎಂದು ಕೈಚೆಲ್ಲಬೇಡಿ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಸೂಕ್ತ ಅನುಕೂಲ ಪಡೆಯುವ ಹಕ್ಕನ್ನು ಶೇ 40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಎಂದಿತು. ಔಷಧದ ನಡುಕದಿಂದ ಬರೆಯಲು ಅಡಚಣೆಯಾಗುತ್ತಿದ್ದರೆ ಸರ್ಕಾರಿ ವೈದ್ಯಾಧಿಕಾರಿಯ ಪ್ರಮಾಣಪತ್ರದೊಂದಿಗೆ ಹೆಚ್ಚುವರಿ ಸಮಯ ಕೇಳಿ. ಕೇಂದ್ರದ ಮಾರ್ಗಸೂಚಿಯಲ್ಲಿ ಇದು ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲ.

ಅರ್ಜಿಯನ್ನು ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ. ಕಾಯಿಲೆಯ ಹೆಸರು, ಮನೆಯ ಕಥೆ ಯಾವುದೂ ಬೇಡ. ‘ವೈದ್ಯಕೀಯ ಸ್ಥಿತಿಯ ಕಾರಣ ಬೆಳಗಿನ ಮೊದಲ ಅವಧಿಗೆ ಬರುವುದು ಕಷ್ಟ, ಆಂತರಿಕ ಪರೀಕ್ಷೆ ತಪ್ಪಿದರೆ ಮರುಅವಕಾಶ ಬೇಕು, ವೈದ್ಯರ ಪತ್ರ ಲಗತ್ತಿಸಿದೆ’ ಎಂದರೆ ಸಾಕು. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ನಿಮ್ಮ ಕಾಲೇಜಿನಲ್ಲಿ ಇದ್ದಾರೆಯೇ ಎಂದು ಕೇಳಿ.

ಊರು ಬಿಟ್ಟು ಹೋಗುವವರು ಅಲ್ಲಿನ ವೈದ್ಯರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಬಿಟ್ಟರೆ ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗವಿರುತ್ತದೆ. ಹಳೆಯ ವೈದ್ಯರ ಚೀಟಿಯ ಪ್ರತಿ ಚೀಲದಲ್ಲಿರಲಿ.

ಮನೆಯಿಂದ ಓದಿದರೆ: ಜನರನ್ನು ಕಳೆದುಕೊಳ್ಳಬೇಡಿ

ಆನ್‌ಲೈನ್ ಓದಿನ ದೊಡ್ಡ ಅಪಾಯ ಒಂಟಿತನ. ಕಾಯಿಲೆ ತಿರುಗಿ ಬರುತ್ತಿರುವುದು ಎಷ್ಟೋ ಸಲ ನಮಗಿಂತ ಮೊದಲು ಗೆಳೆಯರಿಗೆ ಕಾಣುತ್ತದೆ. ‘ಯಾಕೋ ಜಾಸ್ತಿ ಮಾತಾಡ್ತಿದೀಯ’, ‘ಎರಡು ದಿನದಿಂದ ಊಟಕ್ಕೇ ಬರ್ತಿಲ್ಲ’ ಎನ್ನುವವರು ಅವರು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತವರನ್ನು ಕಂಡು ‘ಓದ್ತಿದಾನೆ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಆದ್ದರಿಂದ ಓದಿನ ಜಾಗವನ್ನು ಮಲಗುವ ಕೋಣೆಯಿಂದ ಹೊರಗಿಡಿ. ನಗರ ಅಥವಾ ತಾಲ್ಲೂಕು ಗ್ರಂಥಾಲಯವಿದ್ದರೆ ದಿನಾ ಒಂದೇ ವೇಳೆಗೆ ಅಲ್ಲಿಗೆ ಹೋಗಿ ಓದಿ. ನಡೆದಂತೆಯೂ ಆಯಿತು, ನಾಲ್ಕು ಮುಖ ನೋಡಿದಂತೆಯೂ ಆಯಿತು. ದೂರಶಿಕ್ಷಣದ ಸಂಪರ್ಕ ತರಗತಿಗಳನ್ನು ಬಿಡಬೇಡಿ. ವಾರಕ್ಕೊಮ್ಮೆ ಓದಿನ ಬಗ್ಗೆ ವಿಚಾರಿಸುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ, ಅವರು ಅಪ್ಪ-ಅಮ್ಮ ಆಗದಿದ್ದರೆ ಒಳ್ಳೆಯದು. ಮನೆಯವರಿಗೂ ಒಂದು ಮಾತು: ಮನೆಯಲ್ಲಿದ್ದಾಳೆಂದು ಓದುವ ಹೊತ್ತಿನಲ್ಲಿ ಅಂಗಡಿ, ಅಡುಗೆ, ಅಜ್ಜಿಯ ಆಸ್ಪತ್ರೆ ಎಲ್ಲವನ್ನೂ ಅವಳ ತಲೆಗೆ ಕಟ್ಟಬೇಡಿ. ಹೆಣ್ಣುಮಕ್ಕಳ ದೂರಶಿಕ್ಷಣ ಹೆಚ್ಚಾಗಿ ಮುರಿದುಬೀಳುವುದು ಹೀಗೆಯೇ.

ಸಾಮಾನ್ಯ ತಪ್ಪುಗಳು

ಆಸ್ಪತ್ರೆಯಿಂದ ಬಂದ ಮೊದಲ ವಾರದಲ್ಲೇ ತೀರ್ಮಾನ ತೆಗೆದುಕೊಳ್ಳುವುದು. ಆಗ ಎಲ್ಲವೂ ಅಸಾಧ್ಯವೆನಿಸುತ್ತದೆ. ಉನ್ಮಾದದ ಹಂತದಲ್ಲಾದರೆ ಎರಡು ಡಿಗ್ರಿ ಒಟ್ಟಿಗೆ ಮಾಡಬಲ್ಲೆ ಎನಿಸುತ್ತದೆ.

ಪರೀಕ್ಷೆಗೆ ‘ತಲೆ ಚುರುಕಾಗಿರಲಿ’ ಎಂದು ಮಾತ್ರೆ ನಿಲ್ಲಿಸುವುದು. ಮರುಕಳಿಕೆಗೆ ಇದು ದೊಡ್ಡ ಕಾರಣ.

ತಪ್ಪಿಹೋದ ಹಾಜರಾತಿಗೆ ಹೆದರಿ ಯಾರಿಗೂ ಹೇಳದೆ ಕಾಲೇಜು ಬಿಡುವುದು. ನಾಲ್ಕು ಸಾಲಿನ ಅರ್ಜಿ ಕೊಟ್ಟು ಬಿಟ್ಟವರಿಗೆ ಮರಳಲು ದಾರಿಯಿರುತ್ತದೆ, ಸುಮ್ಮನೆ ಮಾಯವಾದವರಿಗೆ ಕಷ್ಟ.

ವಿದ್ಯಾರ್ಥಿವೇತನದ ನಿಯಮ ಓದದೆ ಕಾಲೇಜು ಬಿಟ್ಟು ದೂರಶಿಕ್ಷಣಕ್ಕೆ ಹಾರುವುದು. ಹಲವು ವಿದ್ಯಾರ್ಥಿವೇತನ, ಹಾಸ್ಟೆಲ್ ಸೌಲಭ್ಯಗಳು ರೆಗ್ಯುಲರ್ ಓದುವವರಿಗಷ್ಟೇ.

ಇಷ್ಟೆಲ್ಲ ನೋಡಿಯೂ ತೀರ್ಮಾನವಾಗದಿದ್ದರೆ ಈ ಸಲದ ಪ್ರವೇಶ ಬಿಡಿ, ಅವಸರ ಬೇಡ. ಇಗ್ನೋ ಮತ್ತು ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಎರಡರಲ್ಲೂ ಜುಲೈನಂತೆ ಜನವರಿಯಲ್ಲೂ ಪ್ರವೇಶಾತಿ ಇದೆ. ನಡುವಿನ ಆರು ತಿಂಗಳನ್ನು ಚಿಕಿತ್ಸೆಗೆ, ನಿದ್ದೆ ಸರಿಪಡಿಸಿಕೊಳ್ಳುವುದಕ್ಕೆ, ಒಂದು ಸ್ವಯಂ ಕೋರ್ಸಿಗೆ ಕೊಡಿ.